ಅಂಗಿಯ ಮೇಲಿನ ಮೂರು ಸಿಂಹಗಳು

ಪ್ರಶ್ನೆ ಕೇಳಿದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದವರು ನನ್ನ ಶಾಲೆಯವರೇ. ಹೊಸ ಜೆರ್ಸಿಯ ರಬ್ಬರ್ ವಾಸನೆ ಇಂದಿಗೂ ಆ ದಿನವನ್ನು ನೆನಪಿಸುತ್ತದೆ. ಕಾಡಿನಲ್ಲಿ ಸಿಂಹಗಳೇ ಇಲ್ಲದ ಇಂಗ್ಲೆಂಡಿನ ಫುಟ್‌ಬಾಲ್ ಅಂಗಿಯ ಮೇಲೆ ಮೂರು ಸಿಂಹಗಳೇಕೆ ಎಂದಷ್ಟೇ ಕೇಳಿದ್ದೆ.

ಅದೇ ಮಧ್ಯಾಹ್ನ ಲೇಕ್ ಮಾರ್ಕೆಟ್ಟಿನ ಆಟದ ಸಾಮಾನಿನ ಅಂಗಡಿಯಲ್ಲಿ ಅಂಥದೇ ಅಂಗಿಯ ಉಬ್ಬಿದ ರಬ್ಬರ್ ಸಿಂಹಗಳನ್ನು ಸವರುತ್ತ ಅದನ್ನೇ ಅಪ್ಪನನ್ನು ಕೇಳಿದೆ.

"ಅವು ರಾಜನ ಗುರಾಣಿಯಿಂದ ಬಂದಿದ್ದು ಕಣೇ. ಯುದ್ಧದಲ್ಲಿ ಕಬ್ಬಿಣದ ಟೋಪಿಯೊಳಗೆ ಮುಖ ಕಾಣ್ತಿರ್ಲಿಲ್ಲ. ಗುರಾಣಿ ಮೇಲಿನ ಪ್ರಾಣಿ ನೋಡಿ ಇವನು ನಮ್ಮೋನು ಅಂತಿದ್ರು."

"ಅವರು ನಿಜವಾದ ಸಿಂಹ ನೋಡಿದ್ರಾ?"

"ಆ ಚಿತ್ರ ಬರೆದವನೇ ನೋಡಿದ್ನೋ ಇಲ್ವೋ!" ಎಂದು ಅಪ್ಪ ನಕ್ಕರು. "ನಾಳೆ ಕ್ಲಾಸಲ್ಲಿ ಹೇಳು."

ಹೇಳಿದೆ. ಮತ್ತೆ ಬೆಂಚಿನ ಮೇಲೆ ನಿಂತೆ.

ಮಾನ್ಯ ಮುಖ್ಯೋಪಾಧ್ಯಾಯರೇ, ಈಗ ನನ್ನ ಅಕ್ಕನ ಮಗಳು ಅದೇ ನಿಮ್ಮ ಶಾಲೆಯಲ್ಲಿದ್ದಾಳೆ; ಪ್ರಶ್ನೆ ಕೇಳಿದ್ದಕ್ಕೆ ಅವಳನ್ನೂ ಬೆಂಚಿನ ಮೇಲೆ ನಿಲ್ಲಿಸಿದ್ದೀರಿ. ಮಕ್ಕಳ ಕುತೂಹಲಕ್ಕೆ ಶಿಕ್ಷೆ ಕೊಡುವುದನ್ನು ಎಂದು ನಿಲ್ಲಿಸುತ್ತೀರಿ? ದಯವಿಟ್ಟು ಲಿಖಿತವಾಗಿ ಉತ್ತರಿಸಿ, ಆ ಉತ್ತರದಂತೆಯೇ ನಡೆದುಕೊಳ್ಳಬೇಕಾಗಿ ವಿನಂತಿ.