ಕಥೆಯಿಲ್ಲದವರ ಪುಟಗಳು

ವರ್ಲೀನ್ ಕೊನೆಯ ಪುಟ ಓದಿ ಕನ್ನಡಕ ತೆಗೆದಳು. ಎದುರಿಗೆ ಕುಳಿತಿದ್ದ ರಾಸ್ಕೋ ತಾತ ಅಲುಗಾಡಲಿಲ್ಲ. ಪೊರೆ ಬಂದ ಕಣ್ಣುಗಳನ್ನು ಅವಳ ದನಿ ಬಂದ ಕಡೆಗೇ ನೆಟ್ಟು, "ಮುಂದೆ ಓದು" ಅಂದ.

"ಮುಗೀತು ತಾತ. ಇಷ್ಟೇ ಪುಸ್ತಕ."

"ಹೆಸರುಗಳೆಲ್ಲಿ?"

ಅವಳು ಈ ಪ್ರಶ್ನೆಗೇ ಹೆದರಿದ್ದಳು. ಡೆಟ್ರಾಯಿಟ್‌ನಲ್ಲಿ ಕ್ಲೇಬರ್ನ್ ಬೀದಿ ಅಂತ ಈಗ ಇಲ್ಲ. ಕಪ್ಪು ಜನ ಮೂರು ತಲೆಮಾರು ಬಾಳಿದ ಆ ಬೀದಿಯನ್ನು ಹೆದ್ದಾರಿಗೆಂದು ಕೆಡವಿ ಹದಿನೇಳು ವರ್ಷವಾಗಿತ್ತು. ಅಲ್ಲಿ ನಲವತ್ತು ವರ್ಷ ಅಂಚೆ ಹಂಚಿದ ತಾತ ತನಗೆ ಗೊತ್ತಿದ್ದ ಕಥೆಗಳನ್ನೆಲ್ಲ ಹೇಳಿದ್ದ, ಅವಳು ಬರೆದುಕೊಂಡಿದ್ದಳು. ಕೊನೆಗೆ ಎರಡು ಮಧ್ಯಾಹ್ನ ಪಟ್ಟು ಹಿಡಿದು ಕೂತು, ಮನೆ ನಂಬರಿನ ಪ್ರಕಾರ, ಇನ್ನೂರ ಹನ್ನೊಂದು ಮನೆಯವರ ಹೆಸರನ್ನೂ ಹೇಳಿದ್ದ. ಒಟ್ಟು ಹದಿನಾರು ಪುಟ. ವರ್ಲೀನ್ ಆ ಹದಿನಾರನ್ನೂ ಕೈಬಿಟ್ಟಿದ್ದಳು.

"ಬರೀ ಹೆಸರು, ನಂಬರು ತಾತ. ಟೆಲಿಫೋನ್ ಡೈರೆಕ್ಟರಿ ಥರ ಕಾಣುತ್ತೆ. ಪುಟ ಜಾಸ್ತಿ ಆದ್ರೆ ಪಿನ್ನು ಹಿಡಿಯಲ್ಲ, ಪುಸ್ತಕದ ಬೆನ್ನು ಹೊಲಿಸಬೇಕು. ಅಷ್ಟು ಮಾಡಿದ್ರೂ ಅದನ್ನ ಯಾರು ಓದ್ತಾರೆ ಹೇಳಿ?"

ಮಾತು ಹೊರಬಿದ್ದ ಕೂಡಲೇ ನಾಲಗೆ ಕಚ್ಚಿಕೊಂಡಳು. ಈ ಕಥೆಗಳನ್ನು ವಾಪಸು ಕಳಿಸುವಾಗ ನ್ಯೂಯಾರ್ಕಿನ ಪ್ರಕಾಶಕನೊಬ್ಬ ಬರೆದಿದ್ದ ಮಾತು ಅದೇ. ತಮ್ಮ ಜನರ ಬಗ್ಗೆ ಇಂಥ ಮಾತು ಕೇಳಿ ಕೇಳಿ ರೋಸಿಯೇ ಅಲ್ಲವೇ ಅವಳು ಶಾಲೆಯ ಕೆಲಸ ಬಿಟ್ಟು, ಮುಚ್ಚಿಹೋಗಿದ್ದ ಈ ಕ್ಷೌರದಂಗಡಿಯನ್ನು ಬಾಡಿಗೆಗೆ ಹಿಡಿದು, ತನ್ನದೇ ಅಚ್ಚುಮನೆ ಹಾಕಿದ್ದು!

ತಾತ ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಮೊಣಕಾಲು ತಿಕ್ಕಿಕೊಂಡ.

"ಡುಪ್ರೀ ಅಂತ ಒಬ್ಬ ಇದ್ದ. ನಂಬರು ಇನ್ನೂರ ಆರು, ಹಿಂದಿನ ರೂಮು. ಐಸ್ ಗಾಡಿ ತಳ್ತಿದ್ದ. ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ನಾನು ಅಂಚೆ ಹಾಕಿದ ಅಷ್ಟೂ ವರ್ಷದಲ್ಲಿ ಅವನಿಗೆ ಒಂದೇ ಒಂದು ಕಾಗದ ಬರಲಿಲ್ಲ. ಆದ್ರೂ ದಿನಾ ಬಾಗಿಲಲ್ಲಿ ನಿಂತು, 'ನಂದೇನಾದ್ರೂ ಇದೆಯಾ?' ಅಂತ ಕೇಳೋನು."

"ಇದನ್ನ ನಂಗೆ ಹೇಳೇ ಇರ್ಲಿಲ್ವಲ್ಲ ನೀವು."

"ಹೇಳೋಕೇನಿದೆ? ಅಷ್ಟೇ ಅವನು. ಕಥೆ ಇದ್ದೋರನ್ನೆಲ್ಲ ನೀನು ಮೊದಲ ನೂರು ಪುಟದಲ್ಲಿ ಕೂರಿಸಿದೀಯ. ಜೂಜುಕೋರ ಇದಾನೆ, ಪಾದ್ರಿ ಇದಾನೆ, ಹೋಟ್ಲಲ್ಲಿ ಹಾಡ್ತಿದ್ದೋಳು ಇದಾಳೆ. ಸಂತೋಷ. ಕಥೆ ಇಲ್ದೋರು ಎಲ್ಲಿಗೆ ಹೋಗ್ಬೇಕಮ್ಮ?"

ವರ್ಲೀನ್ ಎದ್ದುಹೋಗಿ ಕಪಾಟಿನಿಂದ ಆ ಹಾಳೆಗಳನ್ನು ತೆಗೆದು ತಂದಳು.

"ಒಂದನೇ ನಂಬರಿಂದ ಓದ್ಲಾ?"

"ಓದು. ನಿಧಾನಕ್ಕೆ. ಮನೆ ಮನೆ ಮೆಟ್ಟಿಲು ಹತ್ತಿ ಇಳೀಬೇಕು ನಾನು."

ಅವಳು ಓದುತ್ತಾ ಹೋದಳು. ಪ್ರತಿ ಹೆಸರಿಗೂ ತಾತನ ಬಲಗೈ ಒಂದು ಚೂರು ಮುಂದೆ ಬಂದು ಹಿಂದೆ ಸರಿಯುತ್ತಿತ್ತು.

ಹೆಸರಿನ ಹದಿನಾರು ಪುಟ ಕೊನೆಗೆ ಸೇರಿ ದಪ್ಪವಾದ ಪುಸ್ತಕದ ಬೆನ್ನು ಹೊಲಿದುಕೊಟ್ಟವರು, ಕ್ಲೇಬರ್ನ್ ಬೀದಿಯ ಹಳಬರು ಸೇರುವ ಚರ್ಚಿನ ಕೌದಿ ಹೊಲಿಯುವ ಹೆಂಗಸರು, ಕೌದಿಯದೇ ದಾರದಲ್ಲಿ. ಜೂನ್ ತಿಂಗಳ ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ, ಚರ್ಚಿನ ನೆಲದಡಿಯ ಕೆಳಮನೆಯಲ್ಲಿ ಹುರಿದ ಕೋಳಿಯ ಘಮದ ನಡುವೆ ಮುನ್ನೂರು ಪ್ರತಿಗಳನ್ನೂ ಮೇಜಿನ ಮೇಲೆ ಇಟ್ಟರು. ವರ್ಲೀನ್ ಮುನ್ನುಡಿಗೆಂದು ಹನ್ನೊಂದು ದಿನ ತಿಣುಕಿದ್ದಳು. ಅದನ್ನು ಒಬ್ಬರೂ ತೆರೆದು ನೋಡಲಿಲ್ಲ. ಕೈಗೆ ಪುಸ್ತಕ ಬಂದದ್ದೇ ತಡ, ಎಲ್ಲರೂ ಹಿಂದಿನಿಂದ ತಿರುವಿದರು. ಬೆರಳುಗಳು ಸಾಲಿನಿಂದ ಸಾಲಿಗೆ ಇಳಿದವು. 

ಮೊದಲು ದನಿ ಎತ್ತಿದವಳು ಕೌದಿ ಗುಂಪಿನ ಹಿರಿಯಳು ಲೂವೆನಿಯಾ. ಎಪ್ಪತ್ತು ದಾಟಿದ ಹೆಂಗಸು ಪುಸ್ತಕವನ್ನು ಬಾವುಟದ ಹಾಗೆ ಎತ್ತಿ ಹಿಡಿದು ಬಂದಳು.

"ಏನ್ರೀ ವರ್ಲೀನ್ ಇದು! ನಮ್ಮನೆ ನೂರ ಹದಿನಾಲ್ಕು. ನೀವು ಹಾಕಿರೋ ನೂರ ಹನ್ನೆರಡು ಆ ಕುಡುಕ ಬ್ಯಾಸ್ಕಮ್‌ದು. ಇಪ್ಪತ್ತು ವರ್ಷ ಅವನ ಪಕ್ಕದಲ್ಲಿ ಬಾಳಿದ್ದು ಸಾಲದಾ, ಪುಸ್ತಕದಲ್ಲೂ ಹೋಗಿ ಅವನ ಮನೇಲಿ ಇರ್ಬೇಕಾ ನಾನು?"

"ನನ್ನದೇನು ತಪ್ಪು ಲೂವೆನಿಯಾ?" ಮೂಲೆಯಿಂದ ತಾತ ಕೂಗಿದ. "ನಾನು ಬಂದಾಗಲೆಲ್ಲ ನೀನು ಅವನ ಜಗಲಿ ಮೇಲೇ ಕೂತಿರ್ತಿದ್ದೆ!"

ಕೆಳಮನೆಗೆ ಕೆಳಮನೆಯೇ ಬಿದ್ದು ಬಿದ್ದು ನಕ್ಕಿತು. ಲೂವೆನಿಯಾ ಮುದುಕನ ಕಡೆ ಪುಸ್ತಕ ಬೀಸಿ, ತಾನೂ ನಕ್ಕಳು. ಅಷ್ಟರಲ್ಲಿ ಇನ್ನೊಬ್ಬರು ಬಂದು, ಅಟ್ಟದ ಮೇಲಿದ್ದ ತಮ್ಮ ಚಿಕ್ಕಮ್ಮನ ಹೆಸರೇ ಇಲ್ಲ ಅಂದರು. ಮತ್ತೊಬ್ಬರು, ನಮ್ಮಪ್ಪನ ಹೆಸರಲ್ಲಿ ಒಂದಕ್ಷರ ಬಿಟ್ಟಿದೆ ಅಂದರು. ವರ್ಲೀನ್ "ತಪ್ಪಾಯ್ತು, ತಪ್ಪಾಯ್ತು, ಮುಂದಿನ ಸಲ ಸರಿ ಮಾಡ್ತೀನಿ" ಎನ್ನುತ್ತ ಎಲ್ಲವನ್ನೂ ಗುರುತು ಹಾಕಿಕೊಳ್ಳತೊಡಗಿದಳು.

ಆದರೆ ಮುಂದಿನ ಸಲಕ್ಕೆ ಕಾಯುವ ಪುರುಸೊತ್ತು ಅಲ್ಲಿ ಯಾರಿಗಿತ್ತು? ಲೂವೆನಿಯಾ ಯಾರದೋ ಜೇಬಿನಿಂದ ಪೆನ್ನು ಕಿತ್ತುಕೊಂಡು, ಪುಸ್ತಕವನ್ನು ಗೋಡೆಗೆ ಒತ್ತಿ ಹಿಡಿದು, ಹನ್ನೆರಡನ್ನು ಹದಿನಾಲ್ಕು ಮಾಡಿದಳು. ಇನ್ನಷ್ಟು ಪೆನ್ನುಗಳು ಹೊರಬಂದು ಕೈಯಿಂದ ಕೈಗೆ ಹೋದವು. ಪುಟದ ಅಂಚಿನಲ್ಲಿ ಚಿಕ್ಕಮ್ಮಂದಿರು ಬಂದರು, ಬಾಡಿಗೆಯವರು ಬಂದರು, ಹುಟ್ಟಿ ಮೂರೇ ದಿನ ಬದುಕಿದ್ದ ಒಂದು ಕೂಸು ಬಂತು.

ಸಂಜೆ ಜನ ಮನೆಗೆ ಹೊರಟಾಗ, ಒಂದೇ ಯಂತ್ರದಿಂದ ಬಂದ ಆ ಮುನ್ನೂರು ಪ್ರತಿಗಳಲ್ಲಿ ಒಂದರ ಹಾಗೆ ಇನ್ನೊಂದಿರಲಿಲ್ಲ.