ಶೀನನ ಬೆಸುಗೆ

ಗೋಣಿಚೀಲ ಬೋರಲಾದಾಗ ಅರ್ಧ ಚಕ್ರ ಸಿಮೆಂಟು ನೆಲಕ್ಕೆ ಬಿದ್ದು ಠಣ್ ಎಂದಿತು. ಶೀನ ಕೈಯಲ್ಲಿದ್ದ ಸ್ಯಾಂಡ್‌ಪೇಪರ್ ಕೆಳಗಿಟ್ಟ.

"ನೋಡು," ಎಂದಳು ರತ್ನಾವತಿ. "ನೀನು ಮಾಡಿದ ಕೆಲಸ."

ಕೀಲ್ಪಾಕಿನಿಂದ ಗಿಂಡಿಯವರೆಗೂ ಆಟೋದಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದಳು. ಸೀರೆಗೆ ಮಸಿ ಹಿಡಿದಿತ್ತು. ಅವಳಿಗೆ ಬೇಕಾಗಿದ್ದುದು ಒಂದೇ ಮಾತು. ಮಗ ರಜತನನ್ನು ಕೊಂದದ್ದು ತನ್ನ ಬೆಸುಗೆ ಎಂದು ಇವನ ಬಾಯಿಂದಲೇ ಬರಬೇಕು. ಅಲ್ಲಿಯವರೆಗೆ ಮಗನ ಫೋಟೋಕ್ಕೆ ಹೂ ಹಾಕುವುದಿಲ್ಲ ಎಂದು ಹಟ ಹಿಡಿದಿದ್ದಳು.

ಶೀನ ಹೊರಗಿನವನಲ್ಲ. ಕುಂದಾಪುರದ ಕಡೆಯಿಂದ ಅವಳೇ ಕರೆತಂದವನು. ಅವಳ ಹೋಟೆಲಿನಲ್ಲಿ ಟೇಬಲು ಒರೆಸಿದ, ಹಿಟ್ಟು ರುಬ್ಬಿದ. ರುಬ್ಬಿ ಮುಗಿದು ಗ್ರೈಂಡರು ತೊಳೆದ ಮೇಲೆ ಅದಕ್ಕೊಂದು ಕುಂಕುಮದ ಬೊಟ್ಟು ಇಡದೆ ಮಲಗಿದವನಲ್ಲ. ಆಮೇಲೆ ಕಾರಿನ ಅಲಾಯ್ ಚಕ್ರಗಳ ರಿಪೇರಿ ಕಲಿತು ಸ್ವಂತ ಅಂಗಡಿ ಹಾಕಿದ. ಅಲ್ಲಿಯೂ ಚಾಳಿ ಬಿಡಲಿಲ್ಲ. ಕೆಲಸ ಮುಗಿದ ಪ್ರತಿ ಚಕ್ರದ ಒಳಬದಿಗೂ ಕೆಂಪು ಬಣ್ಣದ ಬೊಟ್ಟು. ಗಿರಾಕಿಗಳು ನಗುತ್ತಿದ್ದರು. ಅವನು ಮಾತಿನಲ್ಲಿ ಹಿಂದೆ. ರತ್ನಾವತಿಗಂತೂ ಒಂದು ದಿನ ಎದುರಾಡಿದ್ದಿಲ್ಲ.

ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಇಳಿದು ರತ್ನಾವತಿಯ ಕಾರಿನ ಎಡಬದಿಯ ಎರಡು ಚಕ್ರಗಳೂ ಕೆಟ್ಟಿದ್ದವು. ಒಂದರ ಅಂಚು ಸೊಟ್ಟಗಾಗಿ ಒಳಗೆ ಸಣ್ಣ ಸೀಳು. ಕಾಯಿಸಿ, ತಟ್ಟಿ, ಬೆಸೆದರೆ ಓಡುತ್ತದೆ ಎಂದ ಶೀನ. ಇನ್ನೊಂದರ ಸ್ಪೋಕೇ ಬಿರಿದಿತ್ತು. ಅದನ್ನು ಮುಟ್ಟುವುದಿಲ್ಲ, ಕಂಪನಿಯದ್ದೇ ಹೊಸದು ತನ್ನಿ ಎಂದ. ರತ್ನಾವತಿ ಸ್ಪೇರ್ ಪಾರ್ಟ್ಸ್ ಬೀದಿಯಲ್ಲಿ ಅಲೆದು, ಅದೇ ನಮೂನೆಯದ್ದನ್ನು ತಾನೇ ಆರಿಸಿ ತಂದಳು. ಕಂಪನಿಯದ್ದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಶೀನ ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಏನೋ ಗೊಣಗಿದ. ಹೊಸದು ಕಂಡರೆ ರಿಪೇರಿಯವನಿಗೆ ಹೊಟ್ಟೆಯುರಿ ಎಂದು ಅವಳು ನಗಾಡಿದ್ದಳು. ಅವನೂ ನಕ್ಕು ಕೆಲಸಕ್ಕಿಳಿದ. ಬೆಸೆದದ್ದಕ್ಕೆ ಬಣ್ಣ ಹೊಡೆದು ಎರಡನ್ನೂ ಹಾಕಿಕೊಟ್ಟಾಗ ಯಾವುದು ಯಾವುದೆಂದು ಗುರುತೇ ಸಿಗಲಿಲ್ಲ.

ಪೊಂಗಲ್ ಕಳೆದ ವಾರದಲ್ಲಿ ತರಕಾರಿಗೆಂದು ಹೊರಟ ರಜತ ಬೈಪಾಸಿನಲ್ಲಿ ಹೋಗುತ್ತಿದ್ದಾಗ ಚಕ್ರ ತುಂಡಾಯಿತು. ಕಾರು ತಡೆಗೋಡೆಗೆ ನುಗ್ಗಿತು. ಮನೆಗೆ ಬಂದದ್ದು ಅವನ ಹೆಣ. ಆಮೇಲೆ, ಯಾರೋ ರಸ್ತೆಯಿಂದ ಎತ್ತಿ ತಂದ ಈ ತುಂಡು.

ಶೀನ ಕುಕ್ಕರಗಾಲಲ್ಲಿ ಕುಳಿತ.

"ಇದು ಯಾವ ಕಡೆದು ಅಕ್ಕ?"

"ಗೊತ್ತಿಲ್ಲದವನ ಹಾಗೆ ಎಂತ ಕೇಳ್ತಿ? ಮುಂದಿಂದು."

ಅವನು ತುಂಡನ್ನು ಮಗುಚಿದ. ಒದ್ದೆ ಬಟ್ಟೆಯಿಂದ ಒಳಬದಿಯ ಕೊಳೆ ಒರೆಸಿದ. ಹೆಬ್ಬೆರಳನ್ನು ಅಂಚಿನುದ್ದಕ್ಕೂ ಒಯ್ದ, ಮತ್ತೆ ಹಿಂದಕ್ಕೆ ತಂದ. ಮುರಿದ ಬಾಯನ್ನು ಬೆಳಕಿಗೆ ಹಿಡಿದ. ಮುಖದ ಬಣ್ಣ ಇಳಿಯಿತು. ಸಿಕ್ಕಿಬಿದ್ದ ಎಂದುಕೊಂಡಳು ರತ್ನಾವತಿ.

"ಹೇಳು ಮಾರಾಯ. ನಿನ್ನ ವೆಲ್ಡಿಂಗ್ ಬಿಟ್ಟದ್ದಕ್ಕೇ ಅಲ್ವಾ ನನ್ನ ಮಗ ಹೋದದ್ದು? ನಾನು ತಂದಂಥದ್ದೇ ಎರಡೂ ಕಡೆ ಹಾಕಿದ್ರೆ ಅವ ಇವತ್ತು ಇರ್ತಿದ್ದ."

ಶೀನ ಬಾಯಿ ತೆರೆದ. ಅವಳ ಮುಖ ನೋಡಿದ. ಬರಿಯ ಹಣೆಯ ಕೆಳಗೆ ನಿದ್ದೆ ಕಾಣದ ಆ ಎರಡು ಕಣ್ಣು. ತುಂಡನ್ನು ಮೆಲ್ಲಗೆ ನೆಲಕ್ಕಿಟ್ಟ. ಪಕ್ಕದ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಗುರುಗುಟ್ಟಿ ನಿಂತಿತು.

"ತಪ್ಪು ನಂದೇ ಅಕ್ಕ," ಎಂದ ಕಡೆಗೆ. "ಆ ದಿನ ನಾನು ಗಟ್ಟಿಯಾಗಿ ಬೇಡ ಅನ್ಬೇಕಿತ್ತು. ಅನ್ಲಿಲ್ಲ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು ಅವಳಿಗೆ. ತುಂಡನ್ನು ಚೀಲಕ್ಕೆ ತುಂಬಲು ಬಗ್ಗಿದಳು. ಅವನು ಅದರ ಮೇಲೆ ಕೈ ಇಟ್ಟ.

"ಇದು ಇಲ್ಲೇ ಇರ್ಲಿ. ಇನ್ಯಾರಿಗೂ ತೋರಿಸ್ಬೇಡಿ."

"ಯಾಕೆ, ಮರ್ಯಾದೆ ಹೋಗ್ತದಾ?"

"ಹೌದು," ಎಂದ ಶೀನ, ತಲೆಯೆತ್ತದೆ.

ಆ ಸಂಜೆ ಫೋಟೋಕ್ಕೆ ಮಲ್ಲಿಗೆ ಹಾಕಿದಳು. ಮಾರನೆಯ ದಿನದಿಂದ ಕಂಡವರಿಗೆಲ್ಲ ಹೇಳಿದಳು. ಅವನೇ ಒಪ್ಪಿಕೊಂಡ, ನನ್ನ ಮುಂದೆಯೇ, ಎಂದಳು. ಊರ ಕಡೆಯಿಂದ ಬಂದು ಇಲ್ಲಿ ಹೋಟೆಲು ಇಟ್ಟವರು ಕಾರು ಕಳಿಸುವುದು ನಿಲ್ಲಿಸಿದರು. ಡ್ರೈವರುಗಳ ಬಾಯಿಂದ ಬಾಯಿಗೆ ಮಾತು ಹೋಯಿತು. ಬೇಸಿಗೆ ಏರುವ ಮೊದಲೇ ಅಂಗಡಿಗೆ ಬೀಗ ಬಿತ್ತು. ಸಾಮಾನು ಮಾರಿದನಂತೆ. ಊರಿಗೂ ಹೋಗಿಲ್ಲವಂತೆ. ಫೋನೂ ಸಿಗುತ್ತಿಲ್ಲವಂತೆ. ಅವಳು ಮಾಡಿಯೂ ನೋಡಲಿಲ್ಲ.

ಪೊಲೀಸರು ಕಾರು ಬಿಟ್ಟುಕೊಟ್ಟದ್ದು ಆಮೇಲೆ. ಗುಜರಿಯವನಿಗೆ ಕೀಲಿ ಕೊಡಲು ರತ್ನಾವತಿ ತಾನೇ ಹೋದಳು. ಮಗ ಕುಳಿತ ಸೀಟನ್ನು ಒಮ್ಮೆ ಮುಟ್ಟಬೇಕಿತ್ತು. ಮುಂಭಾಗ ಜಜ್ಜಿ ಎಂಜಿನ್ನಿನೊಳಕ್ಕೆ ಹೋಗಿತ್ತು. ಹಿಂಭಾಗಕ್ಕೆ ಗೀರೂ ಆಗಿರಲಿಲ್ಲ. ಗುಜರಿಯವನು ಹಿಂದಿನ ಎಡ ಚಕ್ರ ಬಿಚ್ಚಿ, ಟೈರು ಕಳಚಿ, ಕೈಯಲ್ಲಿ ತಿರುಗಿಸಿ ನೋಡಿದ. ಇದನ್ನು ಕರಗಿಸುವುದು ಪಾಪ, ಇನ್ನೂ ಎಷ್ಟೋ ವರ್ಷ ಓಡುತ್ತದೆ ಎಂದ.

"ಓಡದೆ ಎಂತ?" ಎಂದಳು ರತ್ನಾವತಿ. ಎಷ್ಟೋ ದಿನದ ಮೇಲೆ ದನಿಯಲ್ಲಿ ಸ್ವಲ್ಪ ಬಲವಿತ್ತು. "ಅದು ನಾನು ನೋಡಿ ತಂದದ್ದು. ಹೊಸತು."

ಹೊಸದೆಂದು ಯಾರಮ್ಮ ಹೇಳಿದ್ದು, ಎಂದು ಅವನು ತಮಿಳಿನಲ್ಲಿ ನಕ್ಕ. ಕೆಲಸ ಬಲ್ಲವರು ಬೆಸೆದ ಚಕ್ರವನ್ನು ಮುಂದಕ್ಕೆ ಹಾಕುವುದಿಲ್ಲ, ಹಿಂದಕ್ಕೇ ಹಾಕುತ್ತಾರೆ, ನೀವೇ ನೋಡಿ ಎನ್ನುತ್ತಾ ಚಕ್ರವನ್ನು ಅವಳ ಕಡೆಗೆ ಮಗುಚಿದ.

ಒಳಬದಿಯ ಬೆಸುಗೆ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಅದರ ಪಕ್ಕದಲ್ಲಿ, ಒಂದು ಕೆಂಪು ಬೊಟ್ಟು.