ಕಾಲು ಬಂದ ರಾಗಿ

“ಓಡ್ತಾ ಅವಾ ಮಗಾ?” ಕಣ್ಣಿಗೆ ಪೊರೆ ಬಂದ ಮಾರಕ್ಕಜ್ಜಿ ಮೂರನೆಯ ಸಲ ಕೇಳಿದಳು.

ಮೆಟ್ಟೂರು ಅಣೆಯ ನೀರು ಇಳಿದು ಬಿಟ್ಟುಹೋದ ಬಯಲಿನಲ್ಲಿ ಮೊಮ್ಮಗಳು ಪೂಂಗೊಡಿ ಬಗ್ಗಿ ಬಗ್ಗಿ ನೆಲ ನೋಡುತ್ತಿದ್ದಳು. ಎತ್ತ ನೋಡಿದರೂ ಬಿರುಕು. ಬರುವ ಶುಕ್ರವಾರ ಅವಳ ಮದುವೆ. ನವಧಾನ್ಯ ಬಿತ್ತುವ ಮದುವೆಯ ಕುಡಿಕೆಗೆ ಹಳೆ ಮನೆಯ ಹಗೇವಿನ ಮಣ್ಣೇ ಆಗಬೇಕೆಂದು ಅಜ್ಜಿಯ ಹಟ. ನೆಲದೊಳಗೆ ರಾಗಿ ತುಂಬಿಡುತ್ತಿದ್ದ ಆ ಹಗೇವು ಮನೆ, ಊರು ಸಮೇತ ನೀರಿನಡಿ ಹೋಗಿ ಮೂವತ್ತೆಂಟು ವರ್ಷವಾಗಿತ್ತು. ಈ ಬೇಸಿಗೆ ನೀರು ಎಂದೂ ಇಲ್ಲದಷ್ಟು ಹಿಂದೆ ಸರಿದು, ಹಳೆ ಊರಿನ ಒರಳುಕಲ್ಲುಗಳು ತಲೆ ಎತ್ತಿದ್ದವು.

“ಬಿರ್ರನೆ ನೋಡು ಪೂಂಗೊಡಿ,” ನೇಗಿಲ ಮೇಣಿ ಹಿಡಿದು ನಿಂತಿದ್ದ ಚಿಕ್ಕಪ್ಪ ನಂಜಯ್ಯ ಗೊಣಗಿದ. “ಎಳ್ಳು ಚೆಲ್ಲೋ ಹದ ಓಗ್ತಾ ಐತೆ. ನಾ ಒಂದು ಸುತ್ತು ಉತ್ರೆ ಆಮೇಲೆ ಯಾವ ಹಗೇವೂ ಸಿಕ್ಕಾಕಿಲ್ಲ. ದಾರೀಲಿ ಒಂದಿಡಿ ಮಣ್ಣು ತಕ್ಕೊಂಡ್ರೆ ಗಂಡು ಬ್ಯಾಡ ಅಂತಾನಾ?”

“ನಿಮ್ಮಕ್ಕ ಕಾಳಿಯಮ್ಮನ ಮದ್ವೇಲಿ ಅಣೆ ತುಂಬಿತ್ತು ಅಂತ ಬಸ್ಸು ನಿಲ್ಲೋ ಜಾಗದ ಮಣ್ಣು ತಂದ್ರಲ್ಲ,” ಎಂದಳು ಅಜ್ಜಿ. “ಇವತ್ಗೂ ಅವ್ಳು ಒಂದು ಮನೇಲಿ ನಿಂತವ್ಳಾ?”

ಪೂಂಗೊಡಿ ನಕ್ಕಳು. ಹುಡುಕುತ್ತಿದ್ದುದು ಮಾತ್ರ ಮಣ್ಣನ್ನಲ್ಲ, ರಾಗಿಯನ್ನು. ಚಿಕ್ಕವಳಿದ್ದಾಗ ಅಜ್ಜಿಯ ಮಡಿಲಲ್ಲಿ ಮಲಗಿ ಕೇಳಿದ ಕತೆ ಅದು. ನೀರು ಬಂದ ದಿನ ಹಗೇವು ತೆಗೆಯಲು ಪುರುಸೊತ್ತಾಗಲಿಲ್ಲವಂತೆ. ಒಳಗಿದ್ದ ರಾಗಿ, ಮನೆಯವರು ಇಂದು ಬಂದಾರು, ನಾಳೆ ಬಂದಾರು ಎಂದು ಕಾದು ಕಾದು ಸಾಕಾಗಿ, ಒಂದು ದಿನ ಕಾಲು ಮೂಡಿಸಿಕೊಂಡಿತಂತೆ; ಅದು ಓಡಾಡುವ ಕಡೆಯೇ ಹಗೇವಂತೆ. ಅಣೆಯ ಅಂಚಿನ ಹಸಿ ಮಣ್ಣಿನಲ್ಲಿ ರಾಗಿಕಾಳಿನಷ್ಟೇ ಗಾತ್ರದ, ರಾಗಿ ಬಣ್ಣದ ಮಿರುಗುವ ಹುಳಗಳು ಸುರ್ರನೆ ಓಡುವುದನ್ನು ಕಂಡಾಗಲೆಲ್ಲ ಅವಳು ಹೆಜ್ಜೆ ಎತ್ತಿ ಹಾಗೆಯೇ ನಿಲ್ಲುತ್ತಿದ್ದಳು. ತಿನ್ನುವ ಕಾಳನ್ನು ಯಾರಾದರೂ ತುಳಿಯುತ್ತಾರೆಯೇ?

“ರಾಗೀನೂ ಇಲ್ಲ, ಗೀಗೀನೂ ಇಲ್ಲ,” ಎಂದ ನಂಜಯ್ಯ. “ಹಳ್ಳ ಇದ್ದ ಕಡೆ ಅಣೆ ನೀರು ತಂದ ವಂಡಲು ಮಣ್ಣು ತುಂಬ್ಕಂಡು ತೇವ ನಿಂತಿರ್ತದೆ. ತೇವ ಇದ್ದ ಕಡೆ ಹುಳ. ಅಷ್ಟೇಯ.”

ಬಿಸಿಲು ನೆತ್ತಿಗೇರಿತು. ಅಜ್ಜಿಯ ಬರಿಗಾಲು ಸುಡುವುದನ್ನು ಪೂಂಗೊಡಿಗೆ ನೋಡಲಾಗಲಿಲ್ಲ. ನಿಂತಲ್ಲೇ ಕೂತು, “ಓಡ್ತಾ ಅವೆ ಅಜ್ಜಿ, ಇಲ್ಲೇ!” ಎಂದಳು.

ಅಜ್ಜಿ ತಡಕಾಡಿಕೊಂಡು ಬಂದು ಅಂಗೈ ಚಾಚಿದಳು. “ಒಂದೆರಡು ಇಡು.”

ಪೂಂಗೊಡಿ ಚಿಟಿಕೆ ಮಣ್ಣು ಹುಡಿ ಮಾಡಿ ಅಂಗೈ ಮೇಲೆ ಉದುರಿಸಿದಳು. ಅಜ್ಜಿ ಸ್ವಲ್ಪ ಹೊತ್ತು ಕೈ ಅಲ್ಲಾಡಿಸದೆ ಹಿಡಿದಿದ್ದಳು.

“ಇದಕ್ಕೆ ಕಾಲಿಲ್ಲ ಮಗಾ,” ಎಂದಳು ಮೆಲ್ಲಗೆ.

ಪೂಂಗೊಡಿಯ ಕಿವಿ ಬಿಸಿಯಾಯಿತು. ಅಜ್ಜಿ ಬೈಯಲಿಲ್ಲ. “ಅಂಚು ಮುಕ್ಕಾದ ಒರಳು ಎಲ್ಲೈತೆ ನೋಡು,” ಎಂದಳು. ಏಳೆಂಟು ಒರಳುಗಳನ್ನು ಸವರಿದ ಅಜ್ಜಿಯ ಬೆರಳು ಒಂದರ ಮೇಲೆ ನಿಂತವು. “ಇದು ನಂದು. ಒನಕೆ ಏಟು ತಪ್ಪಿ ನಾನೇ ಮುಕ್ಕು ಮಾಡಿದ್ದು. ನಮ್ಮತ್ತೆ ಮೂರು ದಿನ ಮಾತಾಡ್ಲಿಲ್ಲ.” ಒರಳಿಗೆ ಬೆನ್ನು ಕೊಟ್ಟು, ನೀರು ತುಂಬಿದ ಕೊಡ ಹೊತ್ತವಳಂತೆ ನೆಟ್ಟಗೆ ಏಳು ಹೆಜ್ಜೆ ನಡೆದು ನಿಂತಳು. “ಇಲ್ಲೇ ಹಗೇವು. ಚೊಂಬು ಕೊಡು.”

“ಅವ್ವ! ಕುಡಿಯಾಕೆ ಇರಾದು ಅದೊಂದೇ ಚೊಂಬು!” ಎಂದು ನಂಜಯ್ಯ ಕೂಗುವಷ್ಟರಲ್ಲಿ ಅಜ್ಜಿ ಅಷ್ಟೂ ನೀರನ್ನು ಬಿರುಕಿಗೆ ಸುರಿದುಬಿಟ್ಟಿದ್ದಳು.

“ಕರೆದ್ರೆ ಬರಾಕಿಲ್ಲ ಅವು,” ಎಂದಳು. “ನೀರು ನುಗ್ಗಿದ್ರೆ ಬತ್ತವೆ.”

ಬಿರುಕು ಗುಳುಗುಳು ಎಂದಿತು. ಆಮೇಲೆ ಸುಮ್ಮನಾಯಿತು. ಒಂದು ಕಾಳು ಮೇಲೆ ಬಂತು. ಇನ್ನೊಂದು. ನೋಡನೋಡುತ್ತ ನೆಲವೇ ಜರುಗಿದಂತೆ ನೂರಾರು ರಾಗಿಕಾಳು ಒಂದರ ಮೇಲೊಂದು ಬಿದ್ದು ಓಡತೊಡಗಿದವು. ನಂಜಯ್ಯ ಮೇಣಿ ಬಿಟ್ಟು ಬಂದು ಕುಕ್ಕರಗಾಲಲ್ಲಿ ಕೂತ. ಒಂದು ಹುಳ ಅಜ್ಜಿಯ ಬೆರಳು ಹತ್ತಿ, ಮುಂಗೈವರೆಗೂ ಹೋಯಿತು.

“ಎತ್ಲಾಗೆ ಓಡ್ತಾ ಅವೆ?”

“ಮೇಲಕ್ಕೆ ಅಜ್ಜಿ. ನಮ್ಮ ಕೊಳತ್ತೂರ ಕಡೆಗೆ.”

“ಊಂ. ನಾವೂ ಅತ್ಲಾಗೇ ಓಡಿದ್ದು. ನಂಜ ನನ್ನ ಕಂಕುಳಾಗಿದ್ದ.”

ಪೂಂಗೊಡಿ ಮಣ್ಣು ಕಟ್ಟಿಕೊಳ್ಳಲು ತಂದಿದ್ದ ಹಳದಿ ಬಟ್ಟೆ ಬಿಚ್ಚಿ ಮಣ್ಣಿಗೆ ಕೈ ಹಾಕಿದಳು. ಬಳೆಯ ಸದ್ದು ಕೇಳಿ ಅಜ್ಜಿ ಆ ಕೈಯನ್ನು ತಡೆದು ಹಿಡಿದಳು.

“ತಡಿ ಮಗಾ. ಮೊದ್ಲು ಅವೆಲ್ಲಾ ದಾಟ್ಕೊಳ್ಳಲಿ.”